ಒಂದೂಕಾಲು ಪಾಲು ಮೋಡ

ಅಪ್ಪನಿಗೂ ಗಂಡನಿಗೂ ಜಗಳ ಹತ್ತಿದರೆ ಹೆಣ್ಣುಮಕ್ಕಳು ಮೆಲ್ಲಗೆ ಅಡಿಗೆಮನೆ ಸೇರಿಕೊಳ್ಳುತ್ತಾರೆ. ಪುಟ್ಟಿಗೆ ಆ ಅನುಕೂಲವೂ ಇರಲಿಲ್ಲ. ಅವರಿಬ್ಬರ ಜಗಳ ಆಕಾಶದ ಬಗ್ಗೆ. ಆಕಾಶವೋ, ಅಡಿಗೆಮನೆಯ ಕಿಟಕಿಯಿಂದಲೂ ಕಾಣುತ್ತಿತ್ತು.

ಪುಟ್ಟಿ ಎಂದರೆ ಚಿಕ್ಕವಳಲ್ಲ, ಐವತ್ತೊಂದು ತುಂಬಿದವಳು. ಅಪ್ಪ ಎತ್ತಿಕೊಂಡಾಗ ಕರೆದ ಹೆಸರು ಇಳಿಸಿದ ಮೇಲೂ ಬಿಡಲಿಲ್ಲ, ಅಷ್ಟೆ. ಹವಾಮಾನ ಕೇಂದ್ರದ ಬೇಲಿಯೊಳಗಿನ ಕ್ವಾರ್ಟರ್ಸಿನಲ್ಲೇ ಹುಟ್ಟಿ, ಅಲ್ಲೇ ಸಂಸಾರ ಹೂಡಿ, ಅದರ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಹಾಕಿಕೊಂಡು ಊರಿನ ಅರ್ಧ ಜನರ ಮೈಯಳತೆ ಬಾಯಿಪಾಠ ಮಾಡಿಕೊಂಡವಳು. ಅಪ್ಪ ಆ ಕೇಂದ್ರದಲ್ಲಿ ಮೂವತ್ತನಾಲ್ಕು ವರ್ಷ ವೀಕ್ಷಕನಾಗಿದ್ದ. ಅವನು ನಿವೃತ್ತನಾದ ತಿಂಗಳೇ ಪುಟ್ಟಿಯ ಮದುವೆಯಾಯಿತು. ಅದೇ ಕೇಂದ್ರದಲ್ಲಿ ಉಪಕರಣ ರಿಪೇರಿ ಮಾಡುತ್ತಿದ್ದ ಗಂಡ, ಮಾವನ ಮಗಳ ಜೊತೆಗೆ ಮಾವನ ಕುರ್ಚಿಯನ್ನೂ ಪಡೆದ. ಅಲ್ಲಿಂದ ಇಲ್ಲಿಗೆ ಇಪ್ಪತ್ತಾರು ವರ್ಷ.

ವೀಕ್ಷಕನ ಕೆಲಸದಲ್ಲಿ ಹೆಚ್ಚಿನದೆಲ್ಲ ಉಪಕರಣದ್ದು. ಮಳೆಗೆ ಮಾಪಕವಿತ್ತು, ಗಾಳಿಗೆ ತಿರುಗುವ ಬಟ್ಟಲುಗಳಿದ್ದವು, ಬಿಸಿಗೆ ಬಿಳಿಯ ಪೆಟ್ಟಿಗೆಯೊಳಗೆ ತಾಪಮಾಪಕ ತೂಗುತ್ತಿತ್ತು. ಮೋಡಕ್ಕೆ ಮಾತ್ರ ಇದ್ದದ್ದು ಒಂದು ಜೊತೆ ಕಣ್ಣು. ಬೆಳಿಗ್ಗೆ ಎಂಟೂವರೆಗೆ ಅಂಗಳದಲ್ಲಿ ನಿಂತು ಇಡೀ ಆಕಾಶವನ್ನು ಎಂಟು ಪಾಲು ಎಂದುಕೊಳ್ಳಬೇಕು. ಅದರಲ್ಲಿ ಎಷ್ಟು ಪಾಲನ್ನು ಮೋಡ ಮುಚ್ಚಿದೆ ಎಂದು ಕಣ್ಣಳತೆಯಲ್ಲೇ ತೀರ್ಮಾನಿಸಿ ರಿಜಿಸ್ಟರಿನಲ್ಲಿ ಒಂದು ಅಂಕಿ ಬರೆಯಬೇಕು. ಒಂದೂ ಮೋಡವಿಲ್ಲದಿದ್ದರೆ ಸೊನ್ನೆ, ಸೂಜಿಮೊನೆಯಷ್ಟೂ ನೀಲಿ ಕಾಣದಿದ್ದರೆ ಎಂಟು.

ಗಂಡ ಹೊರಗೆ ಹೋಗಿ "ನಾಲ್ಕು" ಎಂದು ಗೊಣಗಿಕೊಂಡು ಬರೆಯುವಷ್ಟರಲ್ಲಿ ಜಗಲಿಯ ಕುರ್ಚಿಯಿಂದ ಅಪ್ಪನ ಕೂಗು ಕೇಳುತ್ತಿತ್ತು.

"ಆರು! ಕಣ್ಣಿಗೇನು ಮಂಕು ಕವಿದಿದೆಯಾ ಅಳಿಯಂದಿರೇ? ಆ ಮೂಲೇಲಿ ಗುಡ್ಡೆ ಬಿದ್ದಿರೋದು ಕಾಣಲ್ವಾ?"

"ಮಾವ, ಅದು ಒಂದು ಮೋಡ. ನೀವು ಅದನ್ನ ಮೂರು ಸಲ ಎಣಿಸ್ತೀರಿ."

ಇದು ವರ್ಷದಲ್ಲಿ ಮುನ್ನೂರು ದಿನ ನಡೆಯುತ್ತಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ಮನೆಯಲ್ಲಿ ಒಬ್ಬನಿದ್ದರೆ ಹೇಗೋ ಸಹಿಸಬಹುದು. ಇಬ್ಬರಿದ್ದರೆ ಮೊಲದ ಪಾಡು ಕೇಳುವವರು ಯಾರು? ಪುಟ್ಟಿ ಇಬ್ಬರ ಮಾತನ್ನೂ ಕೇಳಿಸಿಕೊಳ್ಳುತ್ತ ಯಂತ್ರ ತುಳಿಯುತ್ತಿದ್ದಳು.

ಹೀಗಿರುವಾಗ ಒಂದು ದಿನ, ತನಗಿಂತ ದೊಡ್ಡ ಚೀಲ ಹೊತ್ತುಕೊಂಡು ಒಬ್ಬ ಸಂಶೋಧಕಿ ಬಂದಳು. ಇಪ್ಪತ್ತೆಂಟರ ಹುಡುಗಿ. ಕೇಂದ್ರದ ಅರವತ್ತು ವರ್ಷದ ರಿಜಿಸ್ಟರುಗಳ ಒಂದೊಂದು ಪುಟವನ್ನೂ ನಕಲು ತರಿಸಿಕೊಂಡು, ನಾಲ್ಕು ವರ್ಷ ಕೂತು ಎಣಿಸಿದ್ದಳಂತೆ. ಬಂದವಳೇ ಅಪ್ಪನ ಕಾಲಿಗೂ ಗಂಡನ ಕಾಲಿಗೂ ನಮಸ್ಕಾರ ಮಾಡಿ, ಹೊಲಿಗೆ ಮೇಜಿನ ಮೇಲಿದ್ದ ಬಟ್ಟೆಯನ್ನು ಪಕ್ಕಕ್ಕೆ ಸರಿಸಿ, ಉದ್ದದ ಕಾಗದವೊಂದನ್ನು ಬಿಚ್ಚಿ ಹರಡಿದಳು.

"ನೋಡಿ ಆಂಟಿ, ಈ ಊರಿನ ಮೋಡ. ಅರವತ್ತು ವರ್ಷದ್ದು."

"ಆಂಟಿ ಅನ್ಬೇಡಮ್ಮ, ವಯಸ್ಸು ನೆನಪಾಗುತ್ತೆ. ಅಕ್ಕ ಅನ್ನು."

"ಅಕ್ಕಾ, ಇಲ್ಲಿ ನೋಡಿ. ಮೂವತ್ತನಾಲ್ಕು ವರ್ಷ ಈ ಗೆರೆ ಒಂದೇ ಎತ್ತರದಲ್ಲಿ ಹೋಗಿದೆ. ಇಲ್ಲಿ ಬಂದು ಧೊಪ್ ಅಂತ ಕೆಳಗೆ ಬಿದ್ದಿದೆ. ಒಂದೂಕಾಲು ಪಾಲು! ಆಮೇಲೆ ಮೇಲೆದ್ದೇ ಇಲ್ಲ. ಇಪ್ಪತ್ತಾರು ವರ್ಷದ ಹಿಂದೆ ಈ ಊರಿನ ಆಕಾಶ ಇದ್ದಕ್ಕಿದ್ದ ಹಾಗೆ ತೆರೆದುಕೊಂಡಿದೆ ಅಕ್ಕಾ. ಅದೇ ವರ್ಷ ನಿಮ್ಮೂರಿನ ನೂಲಿನ ಗಿರಣಿ ಮುಚ್ಚಿದ್ದಾರೆ. ಹೊಗೆ ನಿಂತಿತು, ಮೋಡ ಕಡಿಮೆ ಆಯ್ತು. ನನ್ನ ಪ್ರಬಂಧ ಪೂರ್ತಿ ಇದರ ಮೇಲೇ ನಿಂತಿದೆ. ಇನ್ನು ಎರಡು ತಿಂಗಳಲ್ಲಿ ಸಲ್ಲಿಸ್ಬೇಕು."

ಗೆರೆ ಬಿದ್ದ ಜಾಗದಲ್ಲಿ ವರ್ಷ, ತಿಂಗಳು ಎರಡನ್ನೂ ಅಚ್ಚುಕಟ್ಟಾಗಿ ಬರೆದಿತ್ತು. ಪುಟ್ಟಿ ಕನ್ನಡಕ ಏರಿಸಿ ಓದಿದಳು, ಮತ್ತೊಮ್ಮೆ ಓದಿದಳು. ಓದಿದವಳೇ ಬಾಯಲ್ಲಿದ್ದ ಗುಂಡುಸೂಜಿಯನ್ನು ಕೈಗೆ ತೆಗೆದುಕೊಂಡು, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ಯಾಕಕ್ಕಾ, ಏನಾಯ್ತು?"

"ಅಯ್ಯೋ ಹುಡುಗೀ, ಇದು ಗಿರಣಿ ಮುಚ್ಚಿದ್ದಲ್ಲ. ಇದು ನನ್ನ ಮದುವೆ!"

ಆ ತಿಂಗಳು ಆಕಾಶ ತೆರೆದುಕೊಂಡಿರಲಿಲ್ಲ, ಅದನ್ನು ನೋಡುವವನು ಬದಲಾಗಿದ್ದ. ಆರು ಕಾಣುತ್ತಿದ್ದ ಮನುಷ್ಯ ಕುರ್ಚಿ ಬಿಟ್ಟ, ನಾಲ್ಕು ಕಾಣುವ ಮನುಷ್ಯ ಕೂತ. ಪುಟ್ಟಿ ಇದನ್ನು ಬಿಡಿಸಿ ಹೇಳುತ್ತಿದ್ದಂತೆ ಹುಡುಗಿಯ ಮುಖ ಒಣಗಿದ ಹೂವಿನಂತಾಯಿತು. ಪುಟ್ಟಿಗೆ ನಗಲೂ ಆಗಲಿಲ್ಲ, ನಗು ನುಂಗಿಕೊಳ್ಳಲೂ ಆಗಲಿಲ್ಲ.

"ನಾಲ್ಕು ವರ್ಷ ಅಕ್ಕಾ," ಎಂದಳು ಹುಡುಗಿ. "ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು."

ಅಪ್ಪನಿಗೆ ಮಾತ್ರ ಯುದ್ಧ ಗೆದ್ದ ಖುಷಿ. "ಕೇಳಿದ್ರಾ ಅಳಿಯಂದಿರೇ? ಇಡೀ ಊರಿನ ಮೋಡಾನೇ ನುಂಗಿ ನೀರು ಕುಡಿದ್ರಲ್ಲ!"

"ನುಂಗೋಕೆ ಮೊದಲು ಇರ್ಬೇಕಲ್ಲ ಮಾವ. ನಾನೇನು ಸುಳ್ಳು ಬರೆದಿಲ್ಲ, ನೀವು ಬರೆದಷ್ಟು ಬರೆದಿಲ್ಲ, ಅಷ್ಟೆ."

"ಅಳಿಯ ಅಲ್ಲ, ಮಗಳ ಗಂಡ!" ಎಂದ ಅಪ್ಪ. ಅಳಿಯನಿಗೇ ಆ ಗಾದೆ ಹೇಳಿದ್ದು ಕೇಳಿ ಹುಡುಗಿಗೆ ಅಳುವಿನ ನಡುವೆಯೂ ನಗು ಬಂತು.

ಹುಡುಗಿ ಕೈಚೆಲ್ಲಿ ಕೂರುವ ಜಾತಿಯವಳಲ್ಲ. ಮಾರನೆಯ ದಿನವೇ ಎರಡು ಖಾಲಿ ಬಿಸ್ಕತ್ತಿನ ಡಬ್ಬ ತಂದು, ಮುಚ್ಚಳ ಕೊರೆದು, ಪರೀಕ್ಷೆ ಹೂಡಿದಳು. ಭಾನುವಾರ ಬಿಟ್ಟು ಮೂವತ್ತು ದಿನ ಮಾವ, ಅಳಿಯ ಇಬ್ಬರೂ ಒಂದೇ ಹೊತ್ತಿಗೆ ಒಂದೇ ಆಕಾಶ ನೋಡಬೇಕು. ಬೆನ್ನಿಗೆ ಬೆನ್ನು ಹಾಕಿ ನಿಲ್ಲಬೇಕು, ಉಸಿರೆತ್ತಬಾರದು, ಅಂಕಿಯನ್ನು ಚೀಟಿಯಲ್ಲಿ ಬರೆದು ಅವರವರ ಡಬ್ಬಕ್ಕೆ ಹಾಕಬೇಕು. ಡಬ್ಬಗಳ ಕಾವಲು ಪುಟ್ಟಿಗೆ.

ಕಾವಲು ಕಾಯುತ್ತ ಪುಟ್ಟಿ ಇಪ್ಪತ್ತಾರು ವರ್ಷ ಗಮನಿಸದ ಒಂದು ಸಂಗತಿಯನ್ನು ಗಮನಿಸಿದಳು. ಅಪ್ಪ ಹಣೆಗೆ ಕೈ ಅಡ್ಡ ಇಟ್ಟು ದಿಗಂತದ ಸುತ್ತ ನೋಡುತ್ತಿದ್ದ, ನೆಂಟರು ಬಾರದಿರಲಿ ಎಂದು ದಾರಿ ನೋಡುವವನ ಹಾಗೆ. ಅಂಚಿನಲ್ಲಿ ಮೋಡಗಳು ಒಂದರ ಹಿಂದೊಂದು ನಿಂತು ನಡುವಿನ ಸಂದುಗಳೆಲ್ಲ ಮುಚ್ಚಿಹೋಗಿರುತ್ತವೆ. ಗಂಡನೋ ಕುತ್ತಿಗೆ ಹಿಂದಕ್ಕೆ ಚೆಲ್ಲಿ ನೆತ್ತಿಯ ಮೇಲಿನ ಆಕಾಶವನ್ನೇ ನೋಡುತ್ತಿದ್ದ. ಅಲ್ಲಿ ಇದ್ದಬದ್ದ ಸಂದೆಲ್ಲ ಬಿಚ್ಚಿಕೊಂಡು ಕಾಣುತ್ತದೆ. ಇಬ್ಬರೂ ಕಂಡದ್ದನ್ನೇ ಬರೆದಿದ್ದರು. ಇದು ತಿಳಿದ ದಿನ ಪುಟ್ಟಿಗೆ ಎದೆಯ ಮೇಲಿನ ಕಲ್ಲು ಇಳಿಸಿದಷ್ಟು ಹಗುರಾಯಿತು. ಗಂಡನಿಗೆ ಒಂದು ಲೋಟ ಕಾಫಿ ಹೆಚ್ಚಿಗೆ ಸಿಕ್ಕಿತು, ಅಪ್ಪನಿಗೂ ಸಿಕ್ಕಿತು; ಯಾಕೆಂದು ಇಬ್ಬರಿಗೂ ಗೊತ್ತಾಗಲಿಲ್ಲ.

ಮೂವತ್ತನೆಯ ದಿನ ಡಬ್ಬ ಬಿಚ್ಚಿದರು. ಅಪ್ಪನ ಅಂಕಿಗಳು ಗಂಡನವಕ್ಕಿಂತ ಸರಾಸರಿ ಒಂದೂಕಾಲು ಪಾಲು ಹೆಚ್ಚು. ಕಾಗದದ ಮೇಲೆ ಗೆರೆ ಬಿದ್ದದ್ದೂ ಒಂದೂಕಾಲೇ.

ಹುಡುಗಿ ಕುಣಿದಾಡಿಬಿಟ್ಟಳು. "ಇಬ್ಬರೂ ತಪ್ಪಲ್ಲ ತಾತ! ತಪ್ಪಿದ್ರೂ ಪರವಾಗಿಲ್ಲ, ದಿನಾ ಒಂದೇ ಥರ ತಪ್ಪಿದ್ರೆ ಸಾಕು. ಕೂಡಿ ಕಳೆದು ಎರಡನ್ನೂ ಒಂದಕ್ಕೊಂದು ಜೋಡಿಸಬಹುದು. ಅರವತ್ತು ವರ್ಷದ ಒಂದೇ ಆಕಾಶ ಸಿಗುತ್ತೆ. ಅಷ್ಟುದ್ದದ್ದು ಸುತ್ತಮುತ್ತ ಯಾರ ಹತ್ರಾನೂ ಇಲ್ಲ!" ಕುಣಿಯುತ್ತಲೇ ತನ್ನ ಗೈಡಿಗೆ ಫೋನು ಮಾಡಿ, ಎಲ್ಲರಿಗೂ ಕೇಳಲೆಂದು ಮೇಜಿನ ಮೇಲಿಟ್ಟಳು.

ಗೈಡು ಸಮಾಧಾನದ ಮನುಷ್ಯ. ಪೂರ್ತಿ ಕೇಳಿ ಒಂದೇ ಮಾತು ಹೇಳಿದರು. "ಇವತ್ತಿನ ಎಂಬತ್ತನಾಲ್ಕು ವರ್ಷದ ಕಣ್ಣು, ಆಗಿನ ನಲವತ್ತರ ಕಣ್ಣೇ ಅಂತ ಹೇಗಮ್ಮ ಹೇಳ್ತೀಯ? ಯಾರೂ ಒಪ್ಪಲ್ಲ. ಆ ಕಾಲದಲ್ಲೂ ಈ ಕಾಲದಲ್ಲೂ ಒಂದೇ ಕಣ್ಣು ನೋಡಿದ ದಾಖಲೆ ಇದ್ರೆ ಮಾತು ಬೇರೆ. ಅಂಥೋರು ಯಾರಾದ್ರೂ ಇದ್ದಾರಾ?"

"ಇಲ್ಲ ಸರ್," ಎಂದಳು ಹುಡುಗಿ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಪುಟ್ಟಿಯ ಕೈಯಿಂದ ಅಳತೆಪಟ್ಟಿ ಜಾರಿ ನೆಲಕ್ಕೆ ಬಿತ್ತು.

ಅವಳಿಗೆ ಹದಿನಾಲ್ಕಾಗಿದ್ದಾಗ ಒಂದು ಚಳಿಗಾಲದ ಬೆಳಿಗ್ಗೆ ಅಪ್ಪನಿಗೆ ಉಬ್ಬಸ ಎದ್ದಿತು. ಹೊರಗೆ ಕಾಲಿಡುವಂತಿರಲಿಲ್ಲ. "ಪುಟ್ಟೀ, ಹೋಗಿ ಆಕಾಶ ನೋಡ್ಕೊಂಡು ಬಾ" ಎಂದ. ಅವಳು ನೋಡಿ ಬಂದು ಅಂಕಿ ಹೇಳಿದಳು. ಅಪ್ಪ ಹಾಸಿಗೆಯಲ್ಲೇ ರಿಜಿಸ್ಟರು ತೆಗೆಸಿಕೊಂಡು, ಅವಳಿಗೆ ಕಾಣದ ಹಾಗೆ ಮೊಣಕಾಲಿನ ಮೇಲಿಟ್ಟು ಬರೆದು ಸಹಿ ಹಾಕಿ ಮುಚ್ಚಿದ. ನೇಮಕವಾದ ವೀಕ್ಷಕನ ಹೊರತು ಬೇರೆ ಯಾರೂ ನೋಡಕೂಡದು ಎಂದು ಅದೇ ರಿಜಿಸ್ಟರಿನ ಮೊದಲ ಪುಟದಲ್ಲಿ ಅಚ್ಚಾಗಿತ್ತು. "ಯಾರಿಗೂ ಬಾಯಿ ಬಿಡ್ಬೇಡ" ಎಂದ ಅಪ್ಪ. ಪ್ರತಿ ಚಳಿಗಾಲ ಇಪ್ಪತ್ತು ಇಪ್ಪತ್ತೈದು ದಿನ ಹೀಗೆ ನಡೆಯಿತು, ಹನ್ನೊಂದು ವರ್ಷ.

ಮದುವೆಯಾದ ಮೇಲೆ ಗಂಡನ ಸರದಿ. ಶನಿವಾರ ಸಂಜೆ ಅಪ್ಪ ಪುಟ್ಟಿಯ ಅಣ್ಣನ ಮನೆಗೆ ಹೋದರೆ ಬರುವುದು ಸೋಮವಾರ ಬೆಳಿಗ್ಗೆ. ಭಾನುವಾರ ನಸುಕಿಗೇ ಗಂಡ ಗಾಳ ಹಿಡಿದುಕೊಂಡು ಕೆರೆಗೆ ಹೊರಟುಬಿಡುತ್ತಿದ್ದ. "ಎಂಟೂವರೆಗೆ ಒಂಚೂರು ನೋಡಿ ಬರೆದುಬಿಡೇ, ಸಂಜೆ ಸಹಿ ಹಾಕ್ತೀನಿ. ಮಾವನಿಗೆ ಮಾತ್ರ ಗೊತ್ತಾಗಬಾರದು." ಗುಟ್ಟು ರಟ್ಟಾಗುವ ಭಯವೂ ಇರಲಿಲ್ಲ, ಯಾಕೆಂದರೆ ಇಪ್ಪತ್ತಾರು ವರ್ಷದಲ್ಲಿ ಅವನು ಮನೆಗೆ ಒಂದು ಮೀನೂ ತಂದವನಲ್ಲ.

ಒಬ್ಬರ ಗುಟ್ಟು ಇನ್ನೊಬ್ಬರಿಗೆ ಗೊತ್ತಿಲ್ಲ. ಎರಡನ್ನೂ ಹೊಟ್ಟೆಯಲ್ಲಿಟ್ಟುಕೊಂಡವಳು ಪುಟ್ಟಿ. ಅವಳದೇ ಒಂದು ಮೂರನೆಯ ಗುಟ್ಟೂ ಇತ್ತು. ತಾನು ನೋಡಿದ ದಿನ ರಿಜಿಸ್ಟರಿನಲ್ಲಿ ಅಂಕಿ ಬರೆಯುವ ಖಾಲಿ ಚೌಕದ ಮೂಲೆಯಲ್ಲಿ, ಯಾರಿಗೂ ಕಾಣದಷ್ಟು ಸಣ್ಣದಾಗಿ, ಪೆನ್ಸಿಲಿನಿಂದ ಒಂದು ಚುಕ್ಕೆ ಇಡುತ್ತಿದ್ದಳು. ಅಪ್ಪನಿಗೆ ರಿಜಿಸ್ಟರು ಕೊಡುವ ಮುಂಚೆಯೇ ಇಟ್ಟುಬಿಡುತ್ತಿದ್ದಳು. ಯಾಕೆ ಎಂದು ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಆ ದಿನದ ಆಕಾಶ ತನ್ನದು ಎಂಬ ಹೆಮ್ಮೆ ಇರಬೇಕು. ಆ ಹೆಮ್ಮೆಯಲ್ಲಿ ಒಂದು ಮುಳ್ಳೂ ಇತ್ತು. ಅಪ್ಪ ಯಾರ ಅಂಕಿಯನ್ನೂ ಒಪ್ಪಿದ ಮನುಷ್ಯನಲ್ಲ. ತಾನು ಐದು ಅಂದದ್ದನ್ನು ಮೊಣಕಾಲಿನ ಮರೆಯಲ್ಲಿ ಆರೋ ಏಳೋ ಮಾಡಿಯೇ ಬರೆದಿರುತ್ತಾನೆ ಎಂದು ಅವಳು ಅಂದೇ ನಂಬಿಬಿಟ್ಟಿದ್ದಳು. ಚುಕ್ಕೆ ಇಡುವಾಗಲೂ ಹಿಂದಿನ ದಿನಗಳ ಅಂಕಿಯನ್ನು ಅಂಗೈಯಿಂದ ಮುಚ್ಚಿಕೊಳ್ಳುತ್ತಿದ್ದಳು. ಹಳೆಯ ರಿಜಿಸ್ಟರು ತೆಗೆದು ನೋಡುವ ಧೈರ್ಯವನ್ನು ಈ ಮೂವತ್ತೇಳು ವರ್ಷದಲ್ಲಿ ಒಮ್ಮೆಯೂ ಮಾಡಲಿಲ್ಲ.

ಮರುದಿನ ಬೆಳಗಾಗುವಷ್ಟರಲ್ಲಿ ಹುಡುಗಿ ಕಾಗದ ಸುತ್ತಿ ಚೀಲಕ್ಕೆ ತುರುಕುತ್ತಿದ್ದಳು. ಅಪ್ಪ ಜಗಲಿಯಲ್ಲಿದ್ದ, ಗಂಡ ಬೂಟು ಹಾಕಿಕೊಳ್ಳುತ್ತಿದ್ದ. ಬಾಯಿ ಬಿಟ್ಟರೆ ಇಬ್ಬರ ಮಾನ ಹೋಗುತ್ತದೆ, ಬಿಡದಿದ್ದರೆ ಈ ಮಗುವಿನ ನಾಲ್ಕು ವರ್ಷ ಹೋಗುತ್ತದೆ. ಮಾನ ಹೇಗಾದರೂ ಹೊಲಿದು ಸರಿಮಾಡಬಹುದು ಎಂದುಕೊಂಡಳು ಪುಟ್ಟಿ.

"ಚೀಲ ಕೆಳಗಿಡು. ಎರಡು ಕಾಲದಲ್ಲೂ ನೋಡಿದ ಕಣ್ಣು ನಂದು."

ಆಮೇಲೆ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಮೊದಲು ಸ್ಫೋಟಿಸಿದವನು ಅಪ್ಪ.

"ಮೀನಾ? ಸರ್ಕಾರದ ಆಕಾಶ ಬಿಟ್ಟು ಮೀನು ಹಿಡಿಯೋಕೆ ಹೋಗ್ತಿದ್ರಾ?"

"ಮಾವ, ನೀವು ಹಾಸಿಗೇಲಿ ಮಲಗಿ ಸೂರು ನೋಡ್ಕೊಂಡು ಮೋಡ ಬರೆದ್ರಾ? ಇಪ್ಪತ್ತಾರು ವರ್ಷದಿಂದ ನನಗೆ ಶಿಸ್ತಿನ ಪಾಠ ಹೇಳ್ತಿದ್ರಲ್ಲ!"

"ನಂಗೆ ಉಬ್ಬಸ ಇತ್ತು!"

"ನಂಗೆ ಭಾನುವಾರ ಇತ್ತು!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಕಳ್ಳನಿಗೆ ಕಳ್ಳ ಸಿಕ್ಕಿದ ಸಮಾಧಾನವೋ ಏನೋ, ಮೊದಲು ಅಳಿಯನ ಮೀಸೆ ಅದುರಿತು, ಆಮೇಲೆ ಮಾವನ ಹೊಟ್ಟೆ ಕುಲುಕಿತು. ಇಪ್ಪತ್ತಾರು ವರ್ಷದಲ್ಲಿ ಅವರಿಬ್ಬರೂ ಒಟ್ಟಿಗೆ ನಕ್ಕದ್ದನ್ನು ಪುಟ್ಟಿ ನೋಡಿದ್ದು ಅದೇ ಮೊದಲು.

ಹುಡುಗಿ ನಗಲಿಲ್ಲ. ಚೀಲದಲ್ಲಿದ್ದದ್ದನ್ನೆಲ್ಲ ನೆಲಕ್ಕೆ ಸುರಿಯುತ್ತಿದ್ದಳು. "ಚುಕ್ಕೆ! ಅಕ್ಕಾ, ಆ ಚುಕ್ಕೆಗಳು! ನಾನು ನೊಣದ ಹಿಕ್ಕೆ ಅಂದ್ಕೊಂಡು ಬಿಟ್ಟಿದ್ದೆ!" ಅಷ್ಟು ಹೇಳಿದವಳು ತಟ್ಟನೆ ನಿಂತಳು. "ಒಂದು ನಿಮಿಷ. ಭಾವನ ಕಾಲದ ಭಾನುವಾರಗಳು ಸರಿ, ಅಕ್ಕನೇ ಬರೆದಿದ್ದು. ತಾತನ ಕಾಲದಲ್ಲಿ ಬರೆದೋರು ತಾತ. ಅಕ್ಕ ಹೇಳಿದ್ದನ್ನ ತಿದ್ದಿದ್ರೆ ಅದು ತಾತನ ಕಣ್ಣೇ ಆಯ್ತಲ್ಲ. ಆಗ ಏನೂ ಉಳಿಯಲ್ಲ. ತಾತ, ತಿದ್ತಿದ್ರಾ?"

ಅಪ್ಪ ಹಣೆಗೆ ಕೈ ಅಡ್ಡ ಇಟ್ಟು ದಿಗಂತ ನೋಡಿದ. "ನಾನು ಹೇಳಿದ್ರೆ ನಿಮ್ಮ ಗೈಡ್ ನಂಬ್ತಾರಾ? ಲೆಕ್ಕ ಹಾಕಿ ನೋಡ್ಕೊ."

ಲೆಕ್ಕ ಸರಳವಿತ್ತು. ಚುಕ್ಕೆ ಇರುವ ದಿನದ ಅಂಕಿಯನ್ನು ಅದರ ಹಿಂದುಮುಂದಿನ ಚುಕ್ಕೆಯಿಲ್ಲದ ದಿನಗಳ ಪಕ್ಕ ಇಟ್ಟು ನೋಡುವುದು. ಅಪ್ಪ ತಿದ್ದಿದ್ದರೆ ಎರಡೂ ಒಂದೇ ಥರ ಇರುತ್ತವೆ. ತಿದ್ದದಿದ್ದರೆ ಚುಕ್ಕೆಯ ದಿನಗಳಲ್ಲಿ ಮೋಡ ಬೇರೆ ಆಗುತ್ತದೆ. ಹುಡುಗಿ ಬೀರುವಿನಿಂದ ಮೂಲ ರಿಜಿಸ್ಟರುಗಳನ್ನೇ ಇಳಿಸಿ, ಭೂತಗನ್ನಡಿ ಹಿಡಿದು ಮೂರು ದಿನ ಕೂತಳು. ಆ ಮೂರು ದಿನ ಪುಟ್ಟಿ ಒಂದು ಅಂಗಿಗೆ ಎರಡು ಎಡತೋಳು ಹೊಲಿದಳು. ಪ್ರಬಂಧ ಉಳಿಯಲಿ ಎಂಬ ಆಸೆ ಅವಳಿಗೆ ಇದ್ದೇ ಇತ್ತು. ಆದರೆ ಅವಳು ಕಾಯುತ್ತಿದ್ದದ್ದು ಪ್ರಬಂಧಕ್ಕಲ್ಲ, ಹದಿನಾಲ್ಕು ವರ್ಷದ ಹುಡುಗಿಯೊಬ್ಬಳ ಮಾತನ್ನು ಅಪ್ಪ ನಂಬಿದ್ದನೋ ಇಲ್ಲವೋ ಎಂಬುದಕ್ಕೆ.

ಮೂರನೆಯ ದಿನ ಮಧ್ಯಾಹ್ನ ಹುಡುಗಿ ಪೆನ್ನು ಕೆಳಗಿಟ್ಟಳು.

"ತಾತನ ಕಾಲದಲ್ಲಿ ಇನ್ನೂರ ನಲವತ್ತೊಂದು ಚುಕ್ಕೆ," ಎಂದಳು. "ಚುಕ್ಕೆ ಇರೋ ದಿನ ಮೋಡ ಮುಕ್ಕಾಲು ಪಾಲು ಕಡಿಮೆ. ಭಾವನ ಕಾಲದಲ್ಲಿ ಭಾನುವಾರ ಅರ್ಧ ಪಾಲು ಜಾಸ್ತಿ. ಮುಕ್ಕಾಲಿಗೆ ಅರ್ಧ ಸೇರಿಸಿದ್ರೆ ಒಂದೂಕಾಲು! ಅಕ್ಕನ ಗೆರೆ ಎಲ್ಲೂ ಬೀಳಲ್ಲ, ಮೂವತ್ತೇಳು ವರ್ಷ ನೆಟ್ಟಗೆ ಹೋಗುತ್ತೆ. ತಾತ ಇನ್ನೂರ ನಲವತ್ತೊಂದು ದಿನಾನೂ ಅಕ್ಕ ಹೇಳಿದ್ದನ್ನೇ ಬರೆದಿದ್ದಾರೆ."

ಗೈಡಿಗೆ ಫೋನು ಹೋಯಿತು. ಈ ಸಲ "ಆ ತಾಯಿಗೆ ನನ್ನ ನಮಸ್ಕಾರ ಹೇಳು, ಬೇಗ ಬಂದು ಬರೆಯೋಕೆ ಕೂತ್ಕೊ" ಎಂಬ ಮಾತು ಕೇಳಿಸಿತು. ಹುಡುಗಿ ಪುಟ್ಟಿಯನ್ನು ಎರಡು ಸುತ್ತು ತಿರುಗಿಸಿ ಬಿಟ್ಟಳು. ಗಂಡ ಬಾಗಿಲಲ್ಲಿ ನಿಂತು, "ನೋಡೇ, ನಾನು ಮೀನಿಗೆ ಹೋಗಿದ್ದು ವಿಜ್ಞಾನಕ್ಕೆ ಎಷ್ಟು ಉಪಕಾರ ಆಯ್ತು" ಎಂದ.

ಪುಟ್ಟಿಗೆ ಅದ್ಯಾವುದೂ ಸರಿಯಾಗಿ ಕಿವಿಗೆ ಬೀಳಲಿಲ್ಲ. ಜಗಲಿಗೆ ಹೋಗಿ ಅಪ್ಪನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು.

"ಅಪ್ಪಾ, ಒಂದು ದಿನಾನೂ ತಿದ್ದಲಿಲ್ವಾ?"

"ಮೊದಲನೇ ದಿನಾನೇ ತಿದ್ದೋಣ ಅನ್ನಿಸ್ತು," ಎಂದ ಅಪ್ಪ, ಅವಳ ಕಡೆ ನೋಡದೆ. "ನೀನು ಐದು ಅಂದೆ. ಹಾಸಿಗೆಯಿಂದ ಎದ್ದು ಕಿಟಕೀಲಿ ಇಣುಕಿದೆ. ಏಳಕ್ಕೆ ಒಂದೂ ಕಡಿಮೆ ಇರಲಿಲ್ಲ. ಈಗ್ಲೂ ಹೇಳ್ತೀನಿ, ಅವತ್ತು ಏಳೇ."

"ಮತ್ತೆ ಐದು ಯಾಕೆ ಬರೆದ್ರಿ?"

"ಇದೊಳ್ಳೆ ಪ್ರಶ್ನೆ. ನೋಡ್ಕೊಂಡು ಬಾ ಅಂತ ಕಳಿಸಿದ್ದು ನಿನ್ನನ್ನಲ್ವೇನೇ?"